ವರದಿಯಲ್ಲಿ ‘ನಾರ್ಮಲ್’ ಎಂದಿದೆ, ಮಗುವಿನ ರಕ್ತದಲ್ಲಿ ಸೀಸ 8.6 ಇದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ನಾವು ದಾವಣಗೆರೆಯವರು. ಮಗನಿಗೆ ಎರಡೂವರೆ ವರ್ಷ. ನಮ್ಮ ಯಜಮಾನರು ಬ್ಯಾಟರಿ ರಿಪೇರಿ ಅಂಗಡಿ ನಡೆಸುತ್ತಾರೆ, ಹಳೆಯ ಬ್ಯಾಟರಿಗಳನ್ನೂ ಕೊಳ್ಳುತ್ತಾರೆ. ಅಂಗಡಿಯಲ್ಲಿ ಇಬ್ಬರು ಕೆಲಸಗಾರರಿದ್ದಾರೆ. ಮಗು ಮಣ್ಣು ತಿನ್ನುತ್ತಾನೆ, ಗೋಡೆ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಾನೆ ಎಂದು ಮಕ್ಕಳ ವೈದ್ಯರಿಗೆ ತೋರಿಸಿದೆವು. ರಕ್ತ ಕಡಿಮೆ ಇದೆ ಎಂದರು, ಜೊತೆಗೆ ಸೀಸದ ಪರೀಕ್ಷೆ ಬರೆದುಕೊಟ್ಟರು. ಬೆರಳು ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ 8.6 ಬಂದಿದೆ. ವರದಿಯಲ್ಲಿ ‘10ಕ್ಕಿಂತ ಕಡಿಮೆ: ನಾರ್ಮಲ್’ ಎಂದು ಅಚ್ಚಾಗಿದೆ. ಆದರೆ ಇಂಟರ್ನೆಟ್‌ನಲ್ಲಿ ಒಂದು ಕಡೆ 5 ಎಂದೂ ಇನ್ನೊಂದು ಕಡೆ 3.5 ಎಂದೂ ಇದೆ. ‘ನಾವೆಲ್ಲ ಇದೇ ಮನೆಯಲ್ಲಿ ಬೆಳೆದವರು, ನಮಗೇನಾಗಿದೆ?’ ಎಂದು ಅತ್ತೆಯವರು ಹೇಳುತ್ತಾರೆ. ಪರಿಚಯದವರೊಬ್ಬರು ದೇಹದ ಸೀಸ ತೆಗೆಯುವ ‘ಡಿಟಾಕ್ಸ್’ ಹನಿಗಳನ್ನು ತರಿಸಿಕೊಡುತ್ತೇನೆ ಎಂದಿದ್ದಾರೆ. ಮನೆ ಹಳೆಯದು. ಕಿಟಕಿಗಳ ಹಸಿರು ಆಯಿಲ್ ಪೇಂಟ್ ಸಿಪ್ಪೆ ಏಳುತ್ತಿದೆ, ದೀಪಾವಳಿಗೆ ಮೊದಲು ಉಜ್ಜಿಸಿ ಹೊಸ ಬಣ್ಣ ಹೊಡೆಸಬೇಕೆಂದಿದ್ದೇವೆ. ನಾನೀಗ ಐದು ತಿಂಗಳ ಗರ್ಭಿಣಿ. ಯಾವ ಅಂಕಿಯನ್ನು ನಂಬಬೇಕು? ಮಗನ ಬುದ್ಧಿಗೆ ಪೆಟ್ಟಾಗಿದೆಯೇ? ಔಷಧ ಕೊಡಿಸಬೇಕೇ? ಯಜಮಾನರು ಅಂಗಡಿ ಮುಚ್ಚಬೇಕೇ?

ಉತ್ತರ: 8.6 ಎಂಬುದು ನಾರ್ಮಲ್ ಅಲ್ಲ. ಹಾಗೆಂದು ಇಂದು ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ಮಟ್ಟವೂ ಅಲ್ಲ. ಔಷಧ ಬೇಡ, ಆದರೆ ಕೆಲಸ ಬೇಕಾದಷ್ಟಿದೆ, ಮತ್ತು ಆ ಕೆಲಸದ ಬಹುಪಾಲು ಆಸ್ಪತ್ರೆಯಲ್ಲಲ್ಲ, ನಿಮ್ಮ ಮನೆಯಲ್ಲಿ ಮತ್ತು ನಿಮ್ಮ ಪತಿಯ ಅಂಗಡಿಯಲ್ಲಿ ಆಗಬೇಕು. ದೀಪಾವಳಿಗೆ ಕಿಟಕಿ ಉಜ್ಜಿಸುವ ಯೋಚನೆಯನ್ನು ಮಾತ್ರ ದಯವಿಟ್ಟು ಈಗಲೇ ನಿಲ್ಲಿಸಿ. ಅದರ ಕಾರಣವನ್ನು ಮುಂದೆ ವಿವರಿಸುತ್ತೇನೆ.

ಮೊದಲು ಅಂಕಿಗಳ ಗೊಂದಲವನ್ನು ಬಿಡಿಸೋಣ. ಈ ಅಂಕಿಗಳೆಲ್ಲ ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸವಿದೆ ಎಂಬ ಲೆಕ್ಕ. 1960ರ ದಶಕದಲ್ಲಿ ಅಮೆರಿಕದ ವೈದ್ಯರು ಮಗುವಿನ ರಕ್ತದಲ್ಲಿ 60ರವರೆಗೆ ಸೀಸವಿದ್ದರೂ ಅದನ್ನು ವಿಷಬಾಧೆಯೆಂದು ಪರಿಗಣಿಸುತ್ತಿರಲಿಲ್ಲ. ಆ ಗೆರೆ 1971ರಲ್ಲಿ 40ಕ್ಕೆ, 1975ರಲ್ಲಿ 30ಕ್ಕೆ, 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ ಇಳಿಯಿತು. 2012ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಅದನ್ನು 5ಕ್ಕೆ, 2021ರ ಅಕ್ಟೋಬರ್‌ನಲ್ಲಿ 3.5ಕ್ಕೆ ತಂದಿತು. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಹೊರಬಂತು. ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಹೆಚ್ಚಿರುವ ಯಾರಿಗೇ ಆಗಲಿ ಅದರ ಮೂಲವನ್ನು ಹುಡುಕಿ, ಆ ಸಂಪರ್ಕವನ್ನು ತಗ್ಗಿಸಬೇಕು, ನಿಲ್ಲಿಸಬೇಕು ಎಂದು ಅದು ಹೇಳುತ್ತದೆ. ಮಕ್ಕಳ ದೇಹ ಈ ಅರವತ್ತು ವರ್ಷಗಳಲ್ಲಿ ಬದಲಾಗಲಿಲ್ಲ. ಇನ್ನೂ ಕಡಿಮೆ ಸೀಸದಿಂದಲೂ ಹಾನಿಯಾಗುತ್ತದೆ ಎಂಬ ಸಾಕ್ಷ್ಯ ಒಂದೊಂದಾಗಿ ಸಿಕ್ಕಿದ ಹಾಗೆ ಗೆರೆ ಕೆಳಗಿಳಿಯಿತು, ಅಷ್ಟೆ. ನಿಮ್ಮ ವರದಿಯಲ್ಲಿ ಅಚ್ಚಾಗಿರುವ 10 ಎಂಬುದು 1991ರ ಅಂಕಿ. ಎಷ್ಟೋ ಪ್ರಯೋಗಾಲಯಗಳ ವರದಿಯ ನಮೂನೆಯಲ್ಲಿ ಅದು ಇನ್ನೂ ಹಾಗೆಯೇ ಉಳಿದುಕೊಂಡಿದೆ, ಅದನ್ನು ನೋಡಿ ನಿಶ್ಚಿಂತರಾಗಿ ಮನೆಗೆ ಹೋಗುವ ತಂದೆತಾಯಂದಿರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ 3.5ಕ್ಕಿಂತ ಕೆಳಗಿದ್ದರೆ ಸುರಕ್ಷಿತವೇ? ಅದೂ ಅಲ್ಲ. ಒಂದರಿಂದ ಐದು ವರ್ಷದ ಅಮೆರಿಕದ ಮಕ್ಕಳ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ಅತಿ ಹೆಚ್ಚು ಸೀಸವಿರುವ ನೂರಕ್ಕೆ ಎರಡೂವರೆ ಮಕ್ಕಳನ್ನು ಉಳಿದವರಿಂದ ಬೇರ್ಪಡಿಸುವ ಗೆರೆಯೇ ಈ 3.5. ಆ ದೇಶದಲ್ಲಿ ಮೊದಲು ಯಾವ ಮಕ್ಕಳ ಮನೆಗೆ ಆರೋಗ್ಯ ಇಲಾಖೆಯವರು ಹೋಗಬೇಕು ಎಂದು ನಿರ್ಧರಿಸಲು ಮಾಡಿಕೊಂಡ ಲೆಕ್ಕ ಅದು. ಇದಕ್ಕಿಂತ ಕೆಳಗಿದ್ದರೆ ಹಾನಿಯೇ ಇಲ್ಲ ಎನ್ನಬಹುದಾದ ಮಟ್ಟ ಯಾವುದೂ ಈವರೆಗೆ ಸಿಕ್ಕಿಲ್ಲ. ಆದ್ದರಿಂದ ಯಾವ ಅಂಕಿಯನ್ನು ನಂಬಬೇಕು ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: 5 ದಾಟಿದರೆ ಕೆಲಸ ಶುರು ಮಾಡಬೇಕು, ನಿಮ್ಮ ಮಗು 5 ದಾಟಿದ್ದಾನೆ.

ಇದರಲ್ಲಿ ನೀವು ಒಂಟಿಯಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಅಥವಾ ಅದಕ್ಕೂ ಹೆಚ್ಚಿದೆ, ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು. ನಮ್ಮ ರಾಜ್ಯದಲ್ಲಿ ಈ ವಿಷಯವನ್ನು ಗಮನಕ್ಕೆ ತಂದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಗೆರೆಯಾದ 10ನ್ನೂ ಮೀರಿತ್ತು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತ ಮೇಲೆ ಗಾಳಿಯಿಂದ ಬರುವ ಪಾಲು ಬಹಳ ಇಳಿಯಿತು. ಪೆಟ್ರೋಲಿನ ಜೊತೆ ಸೀಸದ ಕಥೆಯೂ ಮುಗಿಯಿತು ಎಂದು ಅನೇಕರು, ವೈದ್ಯರೂ ಸಹ, ತಿಳಿದಿದ್ದಾರೆ. ಆದರೆ ಉಳಿದ ಮೂಲಗಳು ಮನೆಯೊಳಗೇ ಇವೆ. ನಮ್ಮಲ್ಲಿ ಎಲ್ಲ ಮಕ್ಕಳನ್ನೂ ವಾಡಿಕೆಯಾಗಿ ಸೀಸಕ್ಕೆ ಪರೀಕ್ಷಿಸುವ ವ್ಯವಸ್ಥೆಯಿಲ್ಲ. ಮಣ್ಣು ತಿನ್ನುವ, ರಕ್ತಹೀನತೆಯಿರುವ, ಬ್ಯಾಟರಿ ಕೆಲಸದವರ ಮನೆಯ ಮಗುವಿಗೆ ಈ ಪರೀಕ್ಷೆ ಬರೆದುಕೊಟ್ಟ ನಿಮ್ಮ ವೈದ್ಯರು ಸರಿಯಾದ ಕೆಲಸ ಮಾಡಿದ್ದಾರೆ.

ಈಗ ಪರೀಕ್ಷೆಯ ವಿಚಾರ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಒಂದು ತೊಡಕಿದೆ. ಬೆರಳ ತುದಿಗೆ ಅಂಟಿಕೊಂಡ ಧೂಳಿನಲ್ಲಿ ಸೀಸವಿದ್ದರೆ ಅದೂ ರಕ್ತದ ಹನಿಗೆ ಸೇರಿ ಅಂಕಿ ಏರುತ್ತದೆ, ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಇನ್ನೊಮ್ಮೆ ಪರೀಕ್ಷಿಸಬೇಕು. ನಿಮ್ಮ ಮಗುವಿನ ಮಟ್ಟಕ್ಕೆ ಮೂರು ತಿಂಗಳೊಳಗೆ ಮಾಡಿಸಿದರೆ ಸಾಕು ಎಂದು ಸಿಡಿಸಿ ಹೇಳುತ್ತದೆ. ಆದರೆ ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಒಂದು ತಿಂಗಳೊಳಗೇ ಮಾಡಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆ ಫಲಿತಾಂಶಕ್ಕಾಗಿ ಕಾಯುತ್ತ ಮನೆಯ ಕೆಲಸವನ್ನು ಮುಂದೂಡಬೇಡಿ. ಅಂಕಿ ಒಂದುವೇಳೆ ಇಳಿದರೂ, ಮಗುವಿನ ಬೆರಳಿನಲ್ಲಿ ಸೀಸದ ಧೂಳಿದ್ದಿರುವ ಸಾಧ್ಯತೆಯೇ ಹೆಚ್ಚು. ಆ ಬೆರಳು ದಿನಕ್ಕೆ ಎಷ್ಟು ಸಲ ಬಾಯಿಗೆ ಹೋಗುತ್ತದೆ ಎಂಬುದು ನಿಮಗೇ ಗೊತ್ತು. ಕೂದಲಿನ ಪರೀಕ್ಷೆ, ಔಷಧ ಕೊಟ್ಟು ಮೂತ್ರದಲ್ಲಿ ಸೀಸ ಅಳೆಯುವ ಪರೀಕ್ಷೆ ಇತ್ಯಾದಿಗಳಿಗೆ ಹಣ ಕೊಡಬೇಡಿ. ಅವುಗಳಿಂದ ಮಗುವಿನ ಸ್ಥಿತಿ ತಿಳಿಯುವುದಿಲ್ಲ.

ನಿಮ್ಮ ಅತ್ತೆಯವರ ಮಾತು ನಾನು ಅನೇಕ ಮನೆಗಳಲ್ಲಿ ಕೇಳಿರುವ ಮಾತು, ಅದರ ಹಿಂದಿರುವುದು ಪ್ರೀತಿಯೇ. ಆದರೆ ಈ ಮಟ್ಟದಲ್ಲಿ ಸೀಸ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಹೊಟ್ಟೆಯ ತೀವ್ರ ನುಲಿತ, ವಾಂತಿ, ಮಂಪರು, ಫಿಟ್ಸ್ ಇವೆಲ್ಲ ಸಾಮಾನ್ಯವಾಗಿ ಸೀಸ ಇದರ ಹಲವು ಪಟ್ಟು ಏರಿದಾಗ ಕಾಣುವಂಥವು. ಕಡಿಮೆ ಮಟ್ಟದ ಹಾನಿ ಗಮನ ಹರಿಸುವ ಶಕ್ತಿ, ಕಲಿಕೆ, ನಡವಳಿಕೆಗಳಲ್ಲಿ ಸೇರಿಕೊಂಡಿರುತ್ತದೆ. ಒಬ್ಬ ವ್ಯಕ್ತಿಯನ್ನು ನೋಡಿ, ಇವರು ಇನ್ನೂ ಚೆನ್ನಾಗಿ ಕಲಿಯಬಹುದಿತ್ತೇ ಎಂದು ಹೇಳಲು ಯಾರಿಂದಲೂ ಆಗದು. ಸಾವಿರಾರು ಮಕ್ಕಳನ್ನು ಹುಟ್ಟಿನಿಂದ ವರ್ಷಗಟ್ಟಲೆ ಗಮನಿಸಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಮಕ್ಕಳಿಗೇ ಏಕೆ ಹೆಚ್ಚು ಅಪಾಯ ಎಂಬುದನ್ನು ತಿಳಿದುಕೊಂಡರೆ ಮುಂದಿನ ಸಲಹೆಗಳು ಅರ್ಥವಾಗುತ್ತವೆ. ದೊಡ್ಡವರು ನುಂಗಿದ ಸೀಸದಲ್ಲಿ ನೂರಕ್ಕೆ ಹತ್ತರಷ್ಟು ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ನಲವತ್ತರಿಂದ ಐವತ್ತರಷ್ಟು ಸೇರಬಹುದು. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿಯುತ್ತದೆ. ಹಾಗಾಗಿ ಅದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ, ಮಿದುಳಿನ ನರಕೋಶಗಳು ಪರಸ್ಪರ ಸಂಪರ್ಕ ಕಟ್ಟಿಕೊಳ್ಳುವ ಜಾಗಕ್ಕೆ ಸಲೀಸಾಗಿ ಹೋಗಿ ಕೂರುತ್ತದೆ. ಕಬ್ಬಿಣದ ಅಂಶ ಕಡಿಮೆಯಿರುವ ಮಗುವಿನ ಕರುಳು ಕಬ್ಬಿಣಕ್ಕಾಗಿ ತೆರೆದುಕೊಂಡ ದಾರಿಯಲ್ಲಿ ಸೀಸವನ್ನೂ ಹೆಚ್ಚಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತಹೀನತೆಯಿರುವ ಮಕ್ಕಳು ಮಣ್ಣು, ಸುಣ್ಣ, ಬಣ್ಣದ ಸಿಪ್ಪೆ ತಿನ್ನುವುದು ಹೆಚ್ಚು. ತಿಂದ ಸೀಸ ಮತ್ತೆ ರಕ್ತದ ಹಿಮೋಗ್ಲೋಬಿನ್ ತಯಾರಿಕೆಗೆ ಅಡ್ಡಿ ಮಾಡುತ್ತದೆ. ನಿಮ್ಮ ಮಗನಲ್ಲಿ ಈ ಎರಡೂ ಒಟ್ಟಿಗೆ ಕಂಡಿರುವುದು ಆಕಸ್ಮಿಕವಲ್ಲ.

ಬುದ್ಧಿಗೆ ಪೆಟ್ಟಾಗಿದೆಯೇ ಎಂಬ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಏಳು ದೀರ್ಘಾವಧಿ ಅಧ್ಯಯನಗಳ 1,333 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಐಕ್ಯೂ ಸರಾಸರಿ 3.9 ಅಂಕ ಕಡಿಮೆಯಿತ್ತು. 10ರಿಂದ 20ಕ್ಕೆ ಏರಿದಾಗ ಇನ್ನೂ 1.9, 20ರಿಂದ 30ಕ್ಕೆ ಏರಿದಾಗ 1.1. ಅಂದರೆ ಮೊದಲ ಕೆಲವು ಮೈಕ್ರೋಗ್ರಾಂಗಳೇ ಹೆಚ್ಚು ಕಸಿದುಕೊಳ್ಳುತ್ತವೆ. 10ರ ಕೆಳಗಿನದನ್ನು ಅಲಕ್ಷಿಸಬಾರದು ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಇದಕ್ಕೇ. ಆದರೆ ಇವು ಗುಂಪಿನ ಸರಾಸರಿಗಳು. ನಿಮ್ಮ ಮಗನ 8.6ನ್ನು ಇದರೊಂದಿಗೆ ಗುಣಿಸಿ ಭಾಗಿಸಿ ಅವನ ಭವಿಷ್ಯ ಲೆಕ್ಕಹಾಕಬೇಡಿ, ಯಾರಾದರೂ ಲೆಕ್ಕ ಹಾಕಿಕೊಟ್ಟರೂ ನಂಬಬೇಡಿ. ಮಾತು, ಕಥೆ, ಆಟ, ಒಳ್ಳೆಯ ಊಟ, ನಿದ್ದೆ ಇವೆಲ್ಲ ಮಗುವಿನ ಮಿದುಳಿನ ಬೆಳವಣಿಗೆಗೆ ನಿಜವಾಗಿ ಸಹಾಯ ಮಾಡುತ್ತವೆ. ಅವನಿಗೆ ಸೀಸ ತಗಲಿದೆ ಎಂಬ ವಿಷಯವನ್ನು ಆರೋಗ್ಯದ ದಾಖಲೆಯಲ್ಲಿ ಬರೆಸಿಡಿ. ಶಾಲೆಗೆ ಸೇರುವ ಹೊತ್ತಿಗೆ ಮಾತು ಅಥವಾ ಕಲಿಕೆಯಲ್ಲಿ ಹಿಂದೆ ಬಿದ್ದಂತೆ ಕಂಡರೆ ‘ತಾನಾಗಿಯೇ ಸರಿಹೋಗುತ್ತದೆ’ ಎಂದು ಕಾಯದೆ ಬೇಗ ತೋರಿಸಲು ಅದು ಕಾರಣವಾಗುತ್ತದೆ.

ಇನ್ನು ಸೀಸ ಎಲ್ಲಿಂದ ಬಂತು ಎಂಬುದು. ನೀವು ಬರೆದದ್ದನ್ನು ನೋಡಿದರೆ ನನ್ನ ಮೊದಲ ಅನುಮಾನ ಅಂಗಡಿಯ ಮೇಲೆ, ಎರಡನೆಯದು ಕಿಟಕಿಯ ಮೇಲೆ.

ಬ್ಯಾಟರಿಯೊಳಗಿನ ಪ್ಲೇಟುಗಳು ಸೀಸದ ಜಾಲರಿಗಳು, ಅವುಗಳಲ್ಲಿ ತುಂಬಿರುವ ಪೇಸ್ಟ್ ಕೂಡ ಸೀಸದ ಸಂಯುಕ್ತವೇ. ಹಳೆಯ ಬ್ಯಾಟರಿಯ ಮುಚ್ಚಳ ಬಿಚ್ಚಿ ಪ್ಲೇಟುಗಳನ್ನು ಹೊರಗೆಳೆದಾಗ ಆ ಪೇಸ್ಟ್ ಒಣಗಿ ಕಂದು, ಬೂದು ಬಣ್ಣದ ನುಣ್ಣನೆಯ ಪುಡಿಯಾಗಿ ಉದುರುತ್ತದೆ. ಟರ್ಮಿನಲ್ ಎರಕ ಹೊಯ್ಯಲು ಸೀಸ ಕರಗಿಸಿದಾಗ ಮೇಲೇಳುವ ಹೊಗೆ ಮತ್ತು ಕಿಟ್ಟದಲ್ಲಿಯೂ ಅದು ಇರುತ್ತದೆ. ಈ ಪುಡಿಗೆ ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ಆಸಿಡ್ ಬಿದ್ದರೆ ಬಟ್ಟೆ ತೂತಾಗುತ್ತದೆಂದು ಕೆಲಸಗಾರರು ಆಸಿಡ್‌ಗೆ ಹೆದರುತ್ತಾರೆ, ಪುಡಿಯನ್ನು ಮಾತ್ರ ಬರಿಗೈಯಿಂದ ಒರೆಸಿ ಅದೇ ಕೈಯಲ್ಲಿ ಚಹಾ ಲೋಟ ಹಿಡಿಯುತ್ತಾರೆ. ನಿಮ್ಮ ಪತಿಯ ಪ್ಯಾಂಟಿನ ಕೆಳ ಮಡಿಕೆಯನ್ನು ಬಿಚ್ಚಿ ನೋಡಿ. ಬೂದು ಪುಡಿ ಕೂತಿದ್ದರೆ ಅದು ಸಾಮಾನ್ಯ ಬೀದಿಯ ಧೂಳಲ್ಲ ಎಂದುಕೊಳ್ಳಿ. ತಲೆಗೂದಲು, ಮೊಬೈಲ್, ಬೈಕಿನ ಸೀಟು, ಚಪ್ಪಲಿ ಇವುಗಳ ಮೂಲಕವೂ ಅದು ಮನೆಗೆ ಬರುತ್ತದೆ. ಸಂಜೆ ಅಪ್ಪ ಬಾಗಿಲಲ್ಲಿ ಕಾಣಿಸಿದ ಕೂಡಲೇ ಮಗು ಓಡಿಹೋಗಿ ಕಾಲು ಹಿಡಿಯುತ್ತದೆ, ಹೆಗಲೇರುತ್ತದೆ. ಮನೆಯಲ್ಲಿ ಯಾರೂ ತಪ್ಪು ಮಾಡದೆಯೇ ಮಗುವಿಗೆ ಸೀಸ ತಗಲುವುದು ಹೀಗೆ.

ಅಂಗಡಿ ಮುಚ್ಚಬೇಕೇ ಎಂದು ಕೇಳಿದ್ದೀರಿ. ಅನ್ನದ ದಾರಿ ಮುಚ್ಚಿ ಎಂದು ಹೇಳುವುದು ನನ್ನ ಸಲಹೆಯಲ್ಲ, ಕೆಲಸದ ಕ್ರಮ ಬದಲಾಗಬೇಕು. ಅಂಗಡಿಗೆ ಬೇರೆ ಬಟ್ಟೆ, ಬೇರೆ ಪಾದರಕ್ಷೆ ಇರಲಿ, ಅವು ಅಲ್ಲಿಯೇ ಉಳಿಯಲಿ. ಅಂಗಡಿಯಲ್ಲೇ ಕೈ, ಮುಖ, ತಲೆ ತೊಳೆದು, ಬಟ್ಟೆ ಬದಲಿಸಿ ಮನೆಗೆ ಬರಲಿ. ಸ್ನಾನಕ್ಕೆ ಅಲ್ಲಿ ಅನುಕೂಲವಿಲ್ಲದಿದ್ದರೆ ಮನೆಗೆ ಬಂದವರು ನೇರ ಬಚ್ಚಲಿಗೆ ಹೋಗಲಿ, ಮಗುವನ್ನು ಎತ್ತಿಕೊಳ್ಳುವುದು ಆಮೇಲೆ. ಕೆಲಸದ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ನೆನೆಸಬೇಡಿ, ಜಾಡಿಸಬೇಡಿ, ಮತ್ತು ಗರ್ಭಿಣಿಯಾದ ನೀವು ಅದನ್ನು ಮುಟ್ಟಲೇಬೇಡಿ. ಅಂಗಡಿಯಲ್ಲಿ ಪೊರಕೆಯಿಂದ ಒಣ ಗುಡಿಸುವುದು ನಿಲ್ಲಬೇಕು, ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಜಾಗದಲ್ಲಿ ತಿಂಡಿ, ಚಹಾ, ಎಲೆಅಡಿಕೆ, ಬೀಡಿ ಬೇಡ. ಮಗುವನ್ನು ಅಂಗಡಿಗೆ ಒಯ್ಯಬಾರದು. ಇನ್ನೊಂದು ಮಾತು: ಹಳೆಯ ಬ್ಯಾಟರಿಗಳನ್ನು ಅಲ್ಲಿಯೇ ಒಡೆದು ಸೀಸ ಕರಗಿಸುವ ವಾಡಿಕೆಯಿದ್ದರೆ ಅದು ಪೂರ್ತಿ ನಿಲ್ಲಬೇಕು. ಬಳಸಿ ಮುಗಿದ ಬ್ಯಾಟರಿಗಳು ನೋಂದಾಯಿತ ಮರುಬಳಕೆ ಘಟಕಗಳಿಗೇ ಹೋಗಬೇಕೆಂಬುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಉದ್ದೇಶ. ಕರಗಿಸುವ ಕೆಲಸದಿಂದ ಬರುವ ಸ್ವಲ್ಪ ಲಾಭಕ್ಕಿಂತ ಅದು ಸುತ್ತಲ ಮಣ್ಣಿಗೆ, ಸುತ್ತಲಿನ ಮಕ್ಕಳಿಗೆ ಮಾಡುವ ಹಾನಿ ಬಹಳ ದೊಡ್ಡದು. ಪತಿಯೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಅವರ ಅಂಕಿ ಮಗುವಿನದಕ್ಕಿಂತ ಬಹಳ ಹೆಚ್ಚು ಬಂದರೆ ಅಂಗಡಿಯ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಕಿಟಕಿಯ ಕಡೆಗೆ ಬರೋಣ. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಸೀಸ ಹೇರಳವಾಗಿರುವ ಸಾಧ್ಯತೆಯಿದೆ. ಗೋಡೆಯ ಸುಣ್ಣ ಅಥವಾ ಡಿಸ್ಟೆಂಪರ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಮರ ಮತ್ತು ಕಬ್ಬಿಣದ ಮೇಲಿನ ಹಳೆಯ ಆಯಿಲ್ ಪೇಂಟ್ ಬಗ್ಗೆ ಇದೆ. ಎರಡೂವರೆ ವರ್ಷದ ಮಗು ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತ ನಿಂತಾಗ ಅವನ ಬಾಯಿ ಸರಿಯಾಗಿ ಕೆಳಗಿನ ಅಡ್ಡಪಟ್ಟಿಯ ಮಟ್ಟಕ್ಕೆ ಬರುತ್ತದೆ. ಕದ ಚೌಕಟ್ಟಿಗೆ ಉಜ್ಜುವ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ತೆರೆದು ಮುಚ್ಚಿದಾಗಲೆಲ್ಲ ಅಲ್ಲಿಂದ ಉದುರಿದ ಹಸಿರು ಪುಡಿ ಅದೇ ಅಡ್ಡಪಟ್ಟಿಯ ಮೇಲೆ, ಅದರ ಕೆಳಗಿನ ನೆಲದ ಮೇಲೆ ಬಿದ್ದಿರುತ್ತದೆ. ಸಿಪ್ಪೆಯನ್ನು ಮಗು ತಿನ್ನುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಕೈಗೆ ಅಂಟಿದ ಪುಡಿ ಬಾಯಿಗೆ ಹೋಗುವುದು ಕಾಣುವುದಿಲ್ಲ.

ಇದನ್ನು ಸ್ಯಾಂಡ್‌ಪೇಪರ್ ಹಾಕಿ ಒಣಗಿರುವಾಗಲೇ ಉಜ್ಜಿದರೆ ಅಥವಾ ಬ್ಲೋ ಲ್ಯಾಂಪ್ ಹಿಡಿದು ಸುಟ್ಟು ಕೆರೆದರೆ, ಕಿಟಕಿಯಲ್ಲಿದ್ದ ಸೀಸವೆಲ್ಲ ಒಂದೇ ದಿನದಲ್ಲಿ ಮನೆಯ ಗಾಳಿಗೆ, ಹಾಸಿಗೆಗೆ, ಅಡುಗೆಮನೆಗೆ ಹರಡುತ್ತದೆ. ಹಬ್ಬಕ್ಕೆ ಮನೆ ಚೆಂದ ಮಾಡಲು ಹೋಗಿ ಮಗುವಿನ ರಕ್ತದ ಸೀಸ ದುಪ್ಪಟ್ಟಾಗುವ ಅಪಾಯ ನಿಜಕ್ಕೂ ಇದೆ. ನಿಮ್ಮ ಮುಂದಿರುವ ದಾರಿಗಳಲ್ಲಿ ಅತಿ ಸುಲಭದ್ದು, ಸಡಿಲವಾದ ಸಿಪ್ಪೆಯನ್ನು ನೀರು ಸಿಂಪಡಿಸಿ ಒದ್ದೆಯಾಗಿಯೇ ತೆಗೆಸಿ, ಮೇಲೆ 90 ಪಿಪಿಎಂ ಮಿತಿಯೊಳಗಿದೆ ಎಂದು ಡಬ್ಬಿಯ ಮೇಲೆ ನಮೂದಿಸಿರುವ ಬಣ್ಣ ಹೊಡೆಸುವುದು. ಗಟ್ಟಿಯಾಗಿರುವ ಜಾಗಗಳಲ್ಲಿ ಇದು ಕೆಲವು ವರ್ಷ ನಿಲ್ಲುತ್ತದೆ, ಕದ ಉಜ್ಜುವ ಅಂಚುಗಳಲ್ಲಿ ಬೇಗ ಸೋಲುತ್ತದೆ. ಪೂರ್ತಿ ಬಣ್ಣವನ್ನು ಒದ್ದೆ ವಿಧಾನದಲ್ಲೇ ಕೆರೆಸುವುದು ಹೆಚ್ಚು ಬಾಳಿಕೆಯದು, ಆದರೆ ಕೆಲಸಗಾರ ಅವಸರಪಟ್ಟರೆ ಅಪಾಯ ಹೆಚ್ಚು. ಕೈಗೂಡುವುದಾದರೆ ಮಗು ನಿಲ್ಲುವ ಆ ಒಂದೆರಡು ಕಿಟಕಿಗಳ ಕದಗಳನ್ನೇ ಬದಲಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಯಾವುದನ್ನೇ ಮಾಡಿಸಿದರೂ ಕೆಲಸ ಮುಗಿದು, ನೆಲವನ್ನೂ ಕಿಟಕಿಯನ್ನೂ ಎರಡು ಮೂರು ಸಲ ಸೋಪಿನ ನೀರಿನಲ್ಲಿ ಒರೆಸುವವರೆಗೆ ನೀವೂ ಮಗುವೂ ಆ ಮನೆಯಲ್ಲಿರಬಾರದು, ತವರಿಗೋ ನೆಂಟರ ಮನೆಗೋ ಹೋಗಿರಿ. ಕೆಲಸಗಾರರಿಗೂ ಮುಖಗವಸು ಕೊಡಿಸಿ. ಅಲ್ಲಿಯವರೆಗೆ ಆ ಕಿಟಕಿಯ ಮುಂದೆ ಮಂಚವೋ ಪೆಟ್ಟಿಗೆಯೋ ಅಡ್ಡವಿಟ್ಟು ಮಗು ಹತ್ತಿರ ಹೋಗದಂತೆ ಮಾಡಿ, ಅಡ್ಡಪಟ್ಟಿಯನ್ನೂ ನೆಲವನ್ನೂ ಮನೆಯ ಬೇರೆಯವರು ದಿನವೂ ಒದ್ದೆ ಬಟ್ಟೆಯಿಂದ ಒರೆಸಲಿ. ಆ ಬಟ್ಟೆಯನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಹಿಂಡಬೇಡಿ.

ಅಡುಗೆಮನೆಯಲ್ಲಿ ಎರಡು ವಿಷಯ ನೋಡಬೇಕು. ಒಂದು ಅರಿಶಿನ. ಕೊಂಬಿಗೆ ಹೊಳೆಯುವ ಹಳದಿ ಬಣ್ಣ ಬರಲೆಂದು ಪಾಲಿಶ್ ಮಾಡುವಾಗ ಸೀಸದ ಕ್ರೋಮೇಟ್ ಬೆರೆಸುವ ದುಷ್ಟ ಪದ್ಧತಿ ಉಪಖಂಡದ ಕೆಲವೆಡೆ ಇದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಇದು ಬಯಲಾದ ಮೇಲೆ ಸರ್ಕಾರ ಬಿಗಿ ಕ್ರಮ ಕೈಗೊಂಡು ಎರಡೇ ವರ್ಷಗಳಲ್ಲಿ ಬಹುಮಟ್ಟಿಗೆ ತಡೆಯಿತು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಟ್ನಾದ ಕೆಲವು ಮಾದರಿಗಳಲ್ಲಿ ಒಂದು ಗ್ರಾಂಗೆ 1,000 ಮೈಕ್ರೋಗ್ರಾಂ ಮೀರಿದ ಸೀಸ ಸಿಕ್ಕಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 10. ಎಲ್ಲ ಅರಿಶಿನವೂ ಹೀಗೆಂದು ಹೆದರಬೇಕಿಲ್ಲ. ಬಿಡಿಯಾಗಿ ಮಾರುವ, ಕಣ್ಣು ಕುಕ್ಕುವಷ್ಟು ಹಳದಿಯಾದ ಪುಡಿ ಮತ್ತು ಹೊಳಪಿನ ಕೊಂಬನ್ನು ಬಿಟ್ಟು, ಚಾಮರಾಜನಗರದ ಕಡೆ ಬೆಳೆಯುವಂಥ ಅರಿಶಿನದ ಪಾಲಿಶ್ ಮಾಡದ, ಮಂಕಾದ ಕೊಂಬನ್ನು ಗೊತ್ತಿದ್ದವರಿಂದ ತಂದು ಗಿರಣಿಯಲ್ಲಿ ಪುಡಿ ಮಾಡಿಸಿದರೆ ಅಪಾಯ ಕಡಿಮೆ. ಇನ್ನೊಂದು ಹಿತ್ತಾಳೆ, ತಾಮ್ರದ ಪಾತ್ರೆಗಳ ಕಲಾಯಿ. ಕಲಾಯಿಗೆ ಬೇಕಾದದ್ದು ಶುದ್ಧ ತವರ. ಅದು ದುಬಾರಿಯೆಂದು ಸೀಸ ಬೆರೆಸುವವರಿದ್ದಾರೆ, ಅಂಥ ಪಾತ್ರೆಯಲ್ಲಿ ಹುಣಸೆಹಣ್ಣಿನ ಹುಳಿಯೋ ಸಾರೋ ಕುದ್ದರೆ ಸೀಸ ಅದಕ್ಕೆ ಇಳಿಯುತ್ತದೆ. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳಲ್ಲೂ ಸೀಸವಿರಬಹುದು. ಸದ್ಯ ಹುಳಿ ಪದಾರ್ಥಗಳನ್ನೆಲ್ಲ ಸ್ಟೀಲ್ ಪಾತ್ರೆಯಲ್ಲಿ ಮಾಡಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿಯಿಂದ ತಂದ ಸುರ್ಮಾ ಮತ್ತು ಹೆಸರಿಲ್ಲದ ಕಾಡಿಗೆಯನ್ನು ಮಗುವಿಗೆ ಹಚ್ಚಬೇಡಿ. ಕಿತ್ತಳೆಗೆಂಪು ಸಿಂಧೂರ ಸೀಸದ ಆಕ್ಸೈಡ್ ಆಗಿರುವ ಸಾಧ್ಯತೆಯಿದೆ, ಅದು ಮಗುವಿನ ಕೈಗೆ ಸಿಗದಿರಲಿ. ಭಸ್ಮಗಳಿರುವ ಔಷಧಗಳನ್ನು, ಅದರಲ್ಲೂ ಸೀಸದಿಂದಲೇ ತಯಾರಾಗುವ ನಾಗಭಸ್ಮವನ್ನು ಮಗುವಿಗೆ ಕೊಡಬೇಡಿ, ನೀವೂ ತೆಗೆದುಕೊಳ್ಳಬೇಡಿ. ಕುಡಿಯುವ ನೀರಿಗೆ ನಮ್ಮ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನಿಮ್ಮ ಮನೆಯಲ್ಲಿ ನೀರೇ ಮುಖ್ಯ ಮೂಲವೆಂದು ನನಗೆ ಅನ್ನಿಸುವುದಿಲ್ಲ, ಆದರೂ ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ಮೊದಲ ನೀರನ್ನು ಗಿಡಕ್ಕೆ ಬಿಟ್ಟು ಆಮೇಲೆ ಹಿಡಿಯಿರಿ. ನೀರು ಕುದಿಸಿದರೆ ಸೀಸ ಹೋಗುವುದಿಲ್ಲ.

ಔಷಧದ ಪ್ರಶ್ನೆಗೆ ಬರುತ್ತೇನೆ. ದೇಹದ ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕಿಸುವ ಕೀಲೇಷನ್ ಚಿಕಿತ್ಸೆ ಇದೆ. ಮಕ್ಕಳಲ್ಲಿ ರಕ್ತದ ಸೀಸ 45 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಆಸ್ಪತ್ರೆಯಲ್ಲಿ ಅದನ್ನು ಕೊಡುತ್ತಾರೆ, ಅಲ್ಲಿ ಅದು ಜೀವ ಉಳಿಸುತ್ತದೆ. ಕಡಿಮೆ ಮಟ್ಟದಲ್ಲೂ ಕೊಟ್ಟರೆ ಮಿದುಳಿಗೆ ಒಳ್ಳೆಯದಾದೀತೇ ಎಂದು ತಿಳಿಯಲು ಅಮೆರಿಕದಲ್ಲಿ 20ರಿಂದ 44ರ ಮಟ್ಟದ 780 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಔಷಧ ಪಡೆದ ಮಕ್ಕಳ ರಕ್ತದ ಸೀಸ ಇಳಿಯಿತು, ಆದರೆ ಬುದ್ಧಿ, ನಡವಳಿಕೆಗಳಲ್ಲಿ ಔಷಧವಿಲ್ಲದ ಮಕ್ಕಳಿಗಿಂತ ಯಾವ ಸುಧಾರಣೆಯೂ ಕಾಣಲಿಲ್ಲ. 8.6ಕ್ಕೆ ಅದನ್ನು ಕೊಡುವುದರಲ್ಲಿ ಅಪಾಯವಿದೆಯೇ ಹೊರತು ಲಾಭವಿಲ್ಲ. ಇನ್ನು ಆ ಹನಿಗಳು: ಅವುಗಳಲ್ಲಿ ಏನಿದೆಯೆಂದು ನಿಮಗೂ ಗೊತ್ತಿಲ್ಲ, ಮಾರುವವರಿಗೂ ಗೊತ್ತಿರಲಾರದು. ಕೀಲೇಷನ್ ಹೆಸರಿನಲ್ಲಿ ಇಡಿಟಿಎ ಎಂಬ ಔಷಧವನ್ನು ತಪ್ಪು ರೂಪದಲ್ಲಿ ಕೊಟ್ಟು, ರಕ್ತದ ಕ್ಯಾಲ್ಸಿಯಂ ಹಠಾತ್ತನೆ ಕುಸಿದು ಅಮೆರಿಕದಲ್ಲಿ ಮಕ್ಕಳು ಸತ್ತ ಪ್ರಕರಣಗಳು ದಾಖಲಾಗಿವೆ. ಪರಿಚಯದವರಿಗೆ ನಯವಾಗಿಯೇ ಬೇಡವೆನ್ನಿ. ಕೊತ್ತಂಬರಿ, ಬೆಳ್ಳುಳ್ಳಿ ಊಟದಲ್ಲಿ ಇರಲಿ, ಅವು ಸೀಸ ತೆಗೆಯುತ್ತವೆ ಎಂದು ಮಾತ್ರ ನೆಚ್ಚಿಕೊಳ್ಳಬೇಡಿ.

ಮಗುವಿಗೆ ನಿಜವಾಗಿ ಬೇಕಿರುವುದು ಕಬ್ಬಿಣ ಮತ್ತು ಕ್ಯಾಲ್ಸಿಯಂ. ವೈದ್ಯರು ಬರೆದ ಕಬ್ಬಿಣದ ಸಿರಪ್ಪನ್ನು ಅವರು ಹೇಳಿದಷ್ಟು ತಿಂಗಳು ತಪ್ಪದೆ ಕೊಡಿ, ಹಿಮೋಗ್ಲೋಬಿನ್ ಏರಿತೆಂದು ಮಧ್ಯದಲ್ಲಿ ನಿಲ್ಲಿಸಬೇಡಿ. ಹಾಲು, ಮೊಸರು, ರಾಗಿ ಅಂಬಲಿ, ಸೊಪ್ಪು, ಕಾಳು, ತಿನ್ನುವವರಾದರೆ ಮೊಟ್ಟೆ ಇರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಸಿರಪ್ಪನ್ನು ಹಾಲಿನ ಜೊತೆ ಕೊಡದೆ, ನಿಂಬೆ ಅಥವಾ ಸೀಬೆಹಣ್ಣಿನಂಥದ್ದರ ಜೊತೆ ಕೊಟ್ಟರೆ ಮೈಗೆ ಹತ್ತುತ್ತದೆ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಲ್ಪಡುವುದರಿಂದ ಮಗುವನ್ನು ಬಹಳ ಹೊತ್ತು ಹಸಿದಿರಿಸಬೇಡಿ. ಪ್ರತಿ ಸಲ ತಿನ್ನಿಸುವ ಮೊದಲು ಮತ್ತು ಮಲಗಿಸುವ ಮೊದಲು ಹರಿಯುವ ನೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ.

ನಿಮ್ಮ ವಿಷಯವನ್ನು ನೀವು ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗದು ಅಷ್ಟು ಸಣ್ಣದೆನ್ನಿಸುವುದಿಲ್ಲ. ದೇಹಕ್ಕೆ ಸೇರಿದ ಸೀಸದ ಬಹುಪಾಲು ಮೂಳೆಯಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಗರ್ಭದ ಶಿಶುವಿನ ಮೂಳೆಗಾಗಿ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗಿದಾಗ ಜೊತೆಗೆ ಸೀಸವೂ ರಕ್ತಕ್ಕೆ ಬಂದು ಮಾಸು ದಾಟಿ ಶಿಶುವನ್ನು ಸೇರುತ್ತದೆ. ಆದ್ದರಿಂದ ನಿಮ್ಮ ರಕ್ತದ ಸೀಸವನ್ನೂ ಮುಂದಿನ ಭೇಟಿಯಲ್ಲೇ ಪರೀಕ್ಷಿಸಿಕೊಳ್ಳಿ. ಅದು 5 ಅಥವಾ ಹೆಚ್ಚಿದ್ದು, ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಗರ್ಭಿಣಿಗೆ ಕ್ಯಾಲ್ಸಿಯಂ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈಗಾಗಲೇ ಕೊಟ್ಟಿರುವ ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ತಪ್ಪದೆ ನುಂಗಿ. ಮಣ್ಣು, ಸುಣ್ಣ, ಸೀಮೆಸುಣ್ಣ ತಿನ್ನಬೇಕೆಂಬ ಬಯಕೆ ನಿಮಗೂ ಇದ್ದರೆ ಸಂಕೋಚಪಡದೆ ವೈದ್ಯರಿಗೆ ತಿಳಿಸಿ.

ಒಂದು ತಿಂಗಳೊಳಗೆ ಮಗುವಿನ ರಕ್ತನಾಳದ ಪರೀಕ್ಷೆ ಆಗಲಿ, ನಂತರ ಮೂರು ತಿಂಗಳಿಗೊಮ್ಮೆ, ಅಂಕಿ 5ರ ಕೆಳಗೆ ಇಳಿದು ಅಲ್ಲಿಯೇ ನಿಲ್ಲುವವರೆಗೆ ಮುಂದುವರಿಯಲಿ. ಮೂಲ ನಿಂತ ಮೇಲೂ ಮೂಳೆಯಿಂದ ಸ್ವಲ್ಪ ಸ್ವಲ್ಪ ಸೀಸ ರಕ್ತಕ್ಕೆ ಬರುತ್ತಿರುವುದರಿಂದ ಅಂಕಿ ನಿಧಾನವಾಗಿ, ತಿಂಗಳುಗಳ ಲೆಕ್ಕದಲ್ಲಿ ಇಳಿಯುತ್ತದೆ. ಒಮ್ಮೆಲೆ ಸೊನ್ನೆಯಾಗಲಿಲ್ಲವೆಂದು ಎದೆಗುಂದಬೇಡಿ. ಏರಿದರೆ ಮಾತ್ರ ನಾವು ಇನ್ನೂ ಯಾವುದೋ ಮೂಲವನ್ನು ಹಿಡಿದಿಲ್ಲ ಎಂದರ್ಥ. ಅಂಕಿ 20 ದಾಟಿದರೆ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ತೋರಿಸಿ. 45 ದಾಟಿದರೆ, ಅಥವಾ ಅಂಕಿ ಎಷ್ಟೇ ಇರಲಿ, ಮಗುವಿಗೆ ಪದೇ ಪದೇ ವಾಂತಿ, ಮಂಪರು, ಫಿಟ್ಸ್ ಬಂದರೆ ಆ ದಿನವೇ ಕರೆದೊಯ್ಯಿರಿ.

ಅಂಗಡಿಯ ಇಬ್ಬರು ಕೆಲಸಗಾರರ ಬಗ್ಗೆ ನೀವು ಏನೂ ಕೇಳಿಲ್ಲ. ಪ್ಲೇಟು ಎಳೆಯುವ, ಗುಡಿಸುವ ಕೆಲಸ ಬಹುಶಃ ಅವರದೇ ಆಗಿರುತ್ತದೆ. ಬಟ್ಟೆ ಬದಲಿಸುವ, ತೊಳೆದುಕೊಳ್ಳುವ ಅನುಕೂಲವನ್ನು ಅವರಿಗೂ ಮಾಡಿಕೊಡುವಂತೆ, ಅವರ ರಕ್ತವನ್ನೂ, ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದರೆ ಆ ಮಕ್ಕಳ ರಕ್ತವನ್ನೂ ಪರೀಕ್ಷಿಸುವಂತೆ ನಿಮ್ಮ ಪತಿಗೆ ಹೇಳಿ. ಅವರ ವರದಿಯಲ್ಲೂ ‘10ಕ್ಕಿಂತ ಕಡಿಮೆ: ನಾರ್ಮಲ್’ ಎಂದೇ ಅಚ್ಚಾಗಿರಬಹುದು. ಆಗ 5ರ ಗೆರೆಯನ್ನು ಅವರಿಗೆ ನೀವೇ ವಿವರಿಸಿ ಹೇಳಬೇಕಾಗುತ್ತದೆ.